ಗುರುವಾರದ ನಿದ್ದೆ

ಜನವರಿ ೧೧

ಅಕ್ಕಾ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಸುದ್ದಿ. ನನಗೆ ಕೆಲಸ ಸಿಕ್ಕಿದೆ. ನಗಬೇಡ. ಮಕ್ಕಳು ಮಲಗುವುದನ್ನು ಕಾಯುವ ಕೆಲಸ.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ಚೆನ್ನಾಗಿದೀನಿ, ಊಟ ಆಯ್ತಾ" ಎಂಬ ಮೂರು ಮಾತು ಬಿಟ್ಟು ನಾಲ್ಕನೆಯದನ್ನು ಆಡುವುದಿಲ್ಲ. ಹಿಂದೆ ನಿಮ್ಮತ್ತೆಯ ಕೆಮ್ಮು ಕೇಳಿಸುತ್ತಿರುತ್ತದೆ. ಅವರು ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳುವುದೇ ಇಲ್ಲವೇನು? ಕಾಗದಕ್ಕಾದರೆ ಯಾರೂ ಕಿವಿಗೊಟ್ಟು ಕೂರಲಾರರು. ನಿನಗೆ ಹಾಲು ನಿಂತುಹೋದ ವಿಷಯವನ್ನು ಕೂಡ ಭಾವನ ಬಾಯಿಂದ ಕೇಳಬೇಕಾಯಿತು ನಾನು. ಅದಕ್ಕೇ ಈ ಪತ್ರ. ನೀನೂ ಬರೆದೇ ಉತ್ತರಿಸು.

ಇಲ್ಲಿನ ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ಸಂಶೋಧನೆ ನಡೆಯುತ್ತಿದೆ. ತಾಯಿಹಾಲು ಸಾಲದೆ ಡಬ್ಬಿಯ ಹಾಲು ಕುಡಿಯುವ ಕೂಸುಗಳಿಗೆ ಎರಡು ಬಗೆಯ ಪುಡಿ ಕೊಡುತ್ತಾರೆ. ಒಂದು ಅಂಗಡಿಯಲ್ಲಿ ಸಿಗುವಂಥದ್ದೇ. ಇನ್ನೊಂದಕ್ಕೆ ತಾಯಿಹಾಲಿನಲ್ಲಿರುವ ಯಾವುದೋ ಕೊಬ್ಬಿನ ಅಂಶ ಸೇರಿಸಿದ್ದಾರೆ. ಯಾವ ಮಗುವಿಗೆ ಯಾವುದು ಎಂದು ಡಾಕ್ಟರಮ್ಮನಿಗೂ ಗೊತ್ತಿಲ್ಲ, ಗೊತ್ತಿರಲೂಬಾರದಂತೆ. ಮಗು ಹಗಲು ಹೊತ್ತಿನಲ್ಲಿ ಮಲಗಿದಾಗ ತಲೆಗೊಂದು ಬಲೆಯಂಥ ಟೋಪಿ ಹಾಕಿ ಮೆದುಳಿನ ಅಲೆಗಳನ್ನು ಅಳೆಯುತ್ತಾರೆ. ಟೋಪಿಯ ತುಂಬ ಗುಂಡಿಯಂಥ ಬಿಲ್ಲೆಗಳು, ಬಿಲ್ಲೆಗೊಂದು ತಂತಿ. ಅವಕ್ಕೆ ಅಂಟು ಹಚ್ಚುವುದು, ಟೋಪಿ ತೊಡಿಸುವಾಗ ಮಗುವಿನ ತಲೆ ಹಿಡಿಯುವುದು, ಎಲ್ಲ ಮುಗಿದ ಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಬಿಲ್ಲೆಗಳನ್ನು ತೊಳೆಯುವುದು ನನ್ನ ಪಾಲಿನ ವಿಜ್ಞಾನ.

ಡಾಕ್ಟರಮ್ಮ ಸಣ್ಣ ಹೆಂಗಸು, ದೊಡ್ಡ ಕನ್ನಡಕ. ನಾನು ಶಾಲೆಯ ಕೆಲಸ ಬಿಟ್ಟವಳೆಂದು ಅರ್ಜಿಯಲ್ಲಿ ಓದಿ ಕೇಳಿದರು:

"ಯಾಕಮ್ಮ ಬಿಟ್ಟೆ?"

"ತಪಾಸಣೆಗೆ ಬಂದೋರು, ಮಕ್ಕಳಿಗೆ ಲ್ಯಾಬ್ ತೋರಿಸ್ತಾರಾ ಅಂತ ಕೇಳಿದ್ರು. ಬೀಗಾನೇ ತೆಗೆದಿಲ್ಲ ಅಂದೆ. ಹೆಡ್ಮಾಸ್ಟ್ರು ಕ್ಷಮೆ ಕೇಳು ಅಂದ್ರು. ಕೇಳಲಿಲ್ಲ."

"ಇಲ್ಲಿ ಮಗು ಮಲಗದೇ ಇದ್ರೆ, ಮಲಗಿತು ಅಂತ ಬರೀತೀಯಾ?"

"ಇಲ್ಲ."

"ನಾಳೆ ಬಾ."

ಇಷ್ಟೇ ಸಂದರ್ಶನ. ನಿಮ್ಮೂರಿನ ದೊಡ್ಡಾಸ್ಪತ್ರೆಯಲ್ಲೂ ಇದೇ ಅಧ್ಯಯನ ನಡೆಯುತ್ತಿದೆ. ನಮ್ಮ ಸೈರನ್‌ನನ್ನು ಕರೆದುಕೊಂಡು ಹೋಗು. (ನಿನ್ನ ಮಗನಿಗೆ ನಾನಿಟ್ಟ ಹೆಸರು. ಅವನ ಅಳು ಫೋನಿನಲ್ಲಿ ಕೇಳಿದವರಾರೂ ಆಕ್ಷೇಪಿಸಲಾರರು.) ಹಾಲಿನ ಡಬ್ಬಿ ಪುಕ್ಕಟೆ, ವಾರಕ್ಕೊಮ್ಮೆ ಹೋದರೆ ಸಾಕು.

ನಿನ್ನ
ಗಿರಗಿಟ್ಲೆ


ಜನವರಿ ೩೧

ಗಿರಗಿಟ್ಲೆ,

ನಿನಗೆ ಕೆಲಸ ಸಿಕ್ಕಿದ್ದಕ್ಕಿಂತ, ಕೂತು ಮಾಡುವ ಕೆಲಸ ಸಿಕ್ಕಿದ್ದು ಕೇಳಿ ಆಶ್ಚರ್ಯವಾಯಿತು. ಎಷ್ಟು ದಿನ ನಿಲ್ಲುತ್ತೀಯೋ ನೋಡೋಣ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಭಾವನಿಗೆ ಈಗ ಪೂರ್ತಿ ರಾತ್ರಿ ಪಾಳಿ. ಬಾಯ್ಲರ್ ಮುಂದೆ ನಿಂತು ಬೆಳಿಗ್ಗೆ ಕೆಂಪು ಕಣ್ಣು ಮಾಡಿಕೊಂಡು ಬರುತ್ತಾರೆ. ಒಳಕೋಣೆಗೆ ದಪ್ಪ ಪರದೆ ಹಾಕಿಸಿದ್ದೇನೆ, ಸಂಜೆಯವರೆಗೂ ಮಲಗುತ್ತಾರೆ. ಅಷ್ಟು ಹೊತ್ತು ಮಗು ಅತ್ತರೆ ಅವರಿಗೆ ಎಚ್ಚರವಾಗುತ್ತದೆಂದು ನಾನು ಅವನನ್ನೆತ್ತಿಕೊಂಡು ಮೆಟ್ಟಿಲ ಮೇಲೋ ಬೀದಿಯಲ್ಲೋ ಓಡಾಡುತ್ತೇನೆ. ಒಳ್ಳೆಯ ವ್ಯಾಯಾಮ. ಅತ್ತೆಯವರೂ ಆರಾಮ.

ನೀನು ಹೇಳಿದಂತೆ ಆಸ್ಪತ್ರೆಗೆ ಹೋದೆ. ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಂಡರು. ಆ ಕೋಣೆ ಚೆನ್ನಾಗಿದೆ. ಬಾಗಿಲು ಎಷ್ಟು ದಪ್ಪವೆಂದರೆ, ಹಾಕಿದ ಮೇಲೆ ಕಾರಿಡಾರಿನಲ್ಲಿ ಟ್ರಾಲಿ ಹೋದರೂ ಕೇಳುವುದಿಲ್ಲ. ತಾಯಿಗೂ ಒಂದು ಮಂಚ ಹಾಕಿದ್ದಾರೆ. ಟೋಪಿ ಹಾಕುವ ನರ್ಸಕ್ಕ ತುಂಬ ಮೃದು.

ಆದರೆ ಎರಡು ಗುರುವಾರವೂ ಇವನು ಮಲಗಲಿಲ್ಲ. ಟೋಪಿ ಹಾಕಿಕೊಂಡು ದೊಡ್ಡ ಅಧಿಕಾರಿಯ ಹಾಗೆ ಎಲ್ಲರನ್ನೂ ದಿಟ್ಟಿಸುತ್ತ ಕೂತ. ಬಸ್ಸಿನಲ್ಲೇ ನಿದ್ದೆ ಮುಗಿಸಿಬಿಟ್ಟಿರುತ್ತಾನೆ. ಮೂರು ಸಲ ಖಾಲಿ ಹೋದರೆ ಹೆಸರು ತೆಗೆಯುತ್ತಾರಂತೆ, ನಿಜವೇ?

ಅಕ್ಕ


ಫೆಬ್ರವರಿ ೭

ಅಕ್ಕಾ,

ನಿಜ. ಮೂರು ಸಲ ಖಾಲಿಯಾದರೆ ಹೆಸರು ಹೋಗುತ್ತದೆ. ಆದರೆ ಅದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡ. ಇದು ಪರೀಕ್ಷೆಯಲ್ಲ. ಪ್ರತಿ ತರಗತಿಯಲ್ಲೂ ಮೊದಲು ಬಂದವಳಿಗೆ ಮಗನ ನಿದ್ದೆಯಲ್ಲೂ ಮೊದಲ ಸ್ಥಾನ ಬೇಕೇನು?

ನನ್ನ ಗೋಳು ಕೇಳು. ಮಗು ಮಲಗಿದ ಮೇಲೆ ನಾವು ಕಿಟಕಿಯ ಈಚೆ ಅಲ್ಲಾಡದೆ ಕೂರಬೇಕು. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮೊನ್ನೆ ಡಾಕ್ಟರಮ್ಮ ಪರದೆಯ ಮೇಲೆ ಬೆರಳಿಟ್ಟು, "ಇದೇನಿದು, ಮಗುವಿನ ಮೆದುಳು ಟಕಟಕ ಅಂತಿದೆ?" ಎಂದರು. ನೋಡಿದರೆ ನಾನು ಕಾಲು ಕುಣಿಸುತ್ತಿದ್ದೆ. ಆ ನಡುಕ ನೆಲದಿಂದ ಮಂಚಕ್ಕೆ ಹೋಗಿ, ಮಂಚದಿಂದ ತಂತಿಗೆ ಹತ್ತಿತ್ತು. "ನಿನ್ನ ಕಾಲನ್ನ ಮನೇಲಿ ಬಿಟ್ಟು ಬಾ" ಎಂದರು. ಈಗ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಟ್ಟುಕೊಂಡು ಕೂರುತ್ತೇನೆ, ಕೊಕ್ಕರೆಯ ಹಾಗೆ.

ಅವರು ಹುಡುಕುವುದು ಏನನ್ನು ಗೊತ್ತೇ? ಮಗು ನಿದ್ದೆಗೆ ಇಳಿಯುತ್ತಿರುವಾಗ ಗೆರೆಯ ನಡುವೆ ಅಲ್ಲಲ್ಲಿ ಸಣ್ಣ ಅಲೆಗಳ ಗೊಂಚಲು ಬರುತ್ತದೆ. ಎರಡೂ ತುದಿ ಸಪೂರ, ಮಧ್ಯ ದಪ್ಪ, ನೂಲು ಸುತ್ತಿದ ಕದಿರಿನ ಹಾಗೆ. ಡಾಕ್ಟರಮ್ಮ ಅದನ್ನು ಕದಿರು ಎಂದೇ ಕರೆಯುತ್ತಾರೆ. ಕದಿರು ಚೆನ್ನಾಗಿ ಬಂದರೆ ಮೆದುಳು ಚೆನ್ನಾಗಿ ಬೆಳೆಯುತ್ತಿದೆ ಎಂಬ ಲೆಕ್ಕಾಚಾರ. ಹಾಲಿನ ಪುಡಿಯಿಂದ ಅದರಲ್ಲಿ ವ್ಯತ್ಯಾಸವಾಗುತ್ತದೆಯೇ ಎಂಬುದು ಇವರ ಪ್ರಶ್ನೆ. ಉತ್ತರ ಇನ್ನೂ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳುವವರ ಜೊತೆ ಕೆಲಸ ಮಾಡುವುದು ಸುಖ.

ಕಿಲಾಡಿ ತಾಯಂದಿರೂ ಇದ್ದಾರೆ. ಖಾಲಿ ಹೋಗಬಾರದೆಂದು ಬೆಳಿಗ್ಗೆಯಿಂದ ಮಗುವನ್ನು ಮಲಗಲು ಬಿಡುವುದಿಲ್ಲ. ಬಸ್ಸಿನಲ್ಲಿ ಅಂಗಾಲಿಗೆ ಒದ್ದೆ ಬಟ್ಟೆ ಮುಟ್ಟಿಸುತ್ತಾರೆ, ಕಿಟಕಿಯ ಗಾಳಿಗೆ ಮುಖ ಹಿಡಿಯುತ್ತಾರೆ. ಇಲ್ಲಿಗೆ ಬಂದು "ಬೆಳಿಗ್ಗೆ ಚೆನ್ನಾಗೇ ಮಲಗಿತ್ತು ಮೇಡಂ" ಎನ್ನುತ್ತಾರೆ. ಟೋಪಿ ಹಾಕುವಷ್ಟರಲ್ಲಿ ಮಗು ಕಲ್ಲು! ಒಬ್ಬಳ ಚೀಲದಲ್ಲಿ ಒದ್ದೆ ಬಟ್ಟೆ ನೋಡಿ ನಾನು ಅಲ್ಲೇ ಕೇಳಿದೆ, ಡಾಕ್ಟರಮ್ಮನಿಗೂ ಹೇಳಿದೆ. ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು. ಡಾಕ್ಟರಮ್ಮ ಬೈಯಲಿಲ್ಲ, ಇನ್ನೊಂದು ದಿನ ಬನ್ನಿ ಎಂದರು, ಅಷ್ಟೇ.

ಅತ್ತೆಯವರು ಆರಾಮ ಎಂದು ಬರೆದಿದ್ದೀಯ. ಅದು ನನಗೆ ಗೊತ್ತು. ನೀನು ಹೇಗಿದ್ದೀಯ?

ಗಿರಗಿಟ್ಲೆ


ಫೆಬ್ರವರಿ ೨೬

ಗಿರಗಿಟ್ಲೆ,

ಗೆದ್ದೆವು! ಆಮೇಲಿನ ಗುರುವಾರದಿಂದ ಒಂದೂ ಖಾಲಿ ಹೋಗಿಲ್ಲ. ಟೋಪಿಯ ಪಟ್ಟಿ ಬಿಗಿಯುವಷ್ಟರಲ್ಲಿ ನಿದ್ದೆ ಹೋಗುತ್ತಾನೆ. ನರ್ಸಕ್ಕ, "ಇಂಥ ಜಾಣ ಮರೀನ ನಾನು ನೋಡೇ ಇಲ್ಲ ಕಣಮ್ಮ" ಎಂದರು. ಆ ಕೋಣೆ ಚೆನ್ನಾಗಿದೆ. ಬಾಗಿಲು ಹಾಕಿದ ಮೇಲೆ ಏನೂ ಕೇಳುವುದಿಲ್ಲ.

ಗುರುವಾರ ಬಂದರೆ ಹಬ್ಬ ಬಂದ ಹಾಗೆ. ಬುಧವಾರದಿಂದಲೇ ಚೀಲ ಸಿದ್ಧ. ವಾರಕ್ಕೆ ಎರಡು ಸಲ ಕರೆಯುವ ಯೋಚನೆಯೇನಾದರೂ ನಿಮ್ಮವರಿಗೆ ಇದೆಯೇ? ಕೇಳಿ ನೋಡು. ನಮಗೇನೂ ತೊಂದರೆಯಿಲ್ಲ, ಬರುತ್ತೇವೆ.

ಮನೆಯಲ್ಲಿ ತಮಾಷೆಯೋ ತಮಾಷೆ. ನಿನ್ನೆ ಬಾಗಿಲ ಕೀಲಿ ಕಾಣದೆ ಎಲ್ಲ ಕಡೆ ತಡಕಾಡಿದೆವು. ಕೊನೆಗೆ ಫ್ರಿಜ್ಜಿನಲ್ಲಿ, ಮೊಟ್ಟೆಯ ಪಕ್ಕದಲ್ಲಿತ್ತು. ಅತ್ತೆ ನಕ್ಕಿದ್ದೇ ನಕ್ಕಿದ್ದು.

ಆ ಕೋಣೆ ಚೆನ್ನಾಗಿದೆ. ಬಾಗಿಲು ಹಾಕಿದ ಮೇಲೆ ಏನೂ ಕೇಳುವುದಿಲ್ಲ.

ಅಕ್ಕ


ಮಾರ್ಚ್ ೫

ಅಕ್ಕಾ,

ಒಂದೇ ಮಾತನ್ನು ಎರಡೆರಡು ಸಲ ಬರೆದಿದ್ದೀಯ. ಪರೀಕ್ಷೆಯಲ್ಲಿ ಪುಟ ತುಂಬಿಸುತ್ತಿದ್ದದ್ದು ನಾನು, ನೀನಲ್ಲ. ನನ್ನ ಹತ್ತಿರ ಬರೆಯುವುದಕ್ಕೆ ನಿನಗೆ ವಿಷಯವೇ ಇಲ್ಲವೇ?

ವಾರಕ್ಕೆ ಎರಡು ಸಲ ಯಾರೂ ಕರೆಯುವುದಿಲ್ಲ. ಡಬ್ಬಿಗಳು ಸಾಲುತ್ತಿಲ್ಲವಾದರೆ ಹಾಗೆಂದು ಬಾಯಿಬಿಟ್ಟು ಹೇಳು, ನಾನು ಕೇಳಿ ಕೊಡಿಸುತ್ತೇನೆ. ನನ್ನ ಹತ್ತಿರವೂ ಸುತ್ತಿ ಬಳಸಿ ಮಾತಾಡುವುದನ್ನು ಯಾವಾಗ ಕಲಿತೆ? ಆ ಮನೆಯಲ್ಲಿ ಎಲ್ಲರೂ ಹಾಗೆಯೇ ಇರಬೇಕು.

ನಾನಿಲ್ಲಿ ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೀದಿಗೆ ಹೋಗಿ ಗಂಟಲು ಹರಿಯುವ ಹಾಗೆ ಕಿರುಚಿ ಬರೋಣ ಎನ್ನಿಸುತ್ತದೆ. ಡಾಕ್ಟರಮ್ಮನೂ ಈಚೆಗೆ ಸಿಡಿಮಿಡಿ. ಎಲ್ಲ ಊರುಗಳಿಂದ ಬರುವ ಅಲೆಗಳನ್ನು ಕೂತು ಓದುವುದು ಅವರೇ. ಮಗುವಿನ ಹೆಸರಿರುವುದಿಲ್ಲ, ಅಂಕಿ ಮಾತ್ರ. ನಿನ್ನೆ ಒಂದನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದರು. ನಾನು ಬ್ರಷ್ ಹಿಡಿದು ಹಿಂದೆ ನಿಂತಿದ್ದೆ.

"ಏನ್ ಮೇಡಂ?"

"ಮಕ್ಕಳು ನಿದ್ದೆಗೆ ಇಳೀತಾರೆ. ಮೆಟ್ಟಿಲು ಇಳಿದ ಹಾಗೆ. ಈ ಮಗು ಇಳಿದಿಲ್ಲ ನೋಡು, ಬಿದ್ದಿದೆ. ಬಾವಿಗೆ ಕಲ್ಲು ಹಾಕಿದ ಹಾಗೆ."

ಗೆರೆ ನೋಡಿದೆ. ದೊಡ್ಡ ದೊಡ್ಡ ನಿಧಾನವಾದ ಅಲೆಗಳು, ಒಂದರ ಹಿಂದೊಂದು. ಕದಿರು ಹುಡುಕಬೇಕು. ಸತತ ಮೂರು ವಾರ ಹೀಗೇ ಇದೆಯಂತೆ. ಮೆದುಳಿನದೇ ಏನಾದರೂ ತೊಂದರೆ ಇರಬಹುದೇ, ಆ ಊರಿನವರಿಗೆ ಬರೆಯಬೇಕು ಎಂದರು. ಪಾಪ, ಯಾರ ಮಗುವೋ.

ಗಿರಗಿಟ್ಲೆ


ಮಾರ್ಚ್ ೧೪

ಕೂಡಲೇ ಉತ್ತರ ಬರಿ.

ಈ ಗುರುವಾರ ನರ್ಸಕ್ಕ ಟೋಪಿ ಹಾಕಲಿಲ್ಲ. ಅಲ್ಲಿನ ಡಾಕ್ಟರು ಕೂರಿಸಿಕೊಂಡು ಮಾತಾಡಿದರು. ಇವನ ಅಲೆಗಳು ಸರಿಯಿಲ್ಲವಂತೆ. ವಯಸ್ಸಿಗೆ ತಕ್ಕಂತಿಲ್ಲವಂತೆ. ತಲೆಯ ಸ್ಕ್ಯಾನ್ ಮಾಡಬೇಕು, ಅಲ್ಲಾಡಬಾರದು, ಅದಕ್ಕೆ ಮದ್ದು ಕೊಟ್ಟು ಮಲಗಿಸಬೇಕು ಎಂದರು. ಇಷ್ಟು ಸಣ್ಣ ಕೂಸಿಗೆ ಮದ್ದು ಕೊಟ್ಟು! ಈ ತಿಂಗಳ ಕೊನೆಯ ಗುರುವಾರ.

ಕದಿರು ಕಡಿಮೆ ಎಂದರೆ ಏನು? ಅದು ಆಮೇಲೆ ಬರುತ್ತದೆಯೋ, ಬರುವುದೇ ಇಲ್ಲವೋ? ನನಗೆ ಹಾಲು ನಿಂತಿದ್ದರಿಂದ ಹೀಗಾಯಿತೇ? ನಿನಗೆ ಡಾಕ್ಟರಮ್ಮ ಏನು ಹೇಳಿದರೋ ಅದನ್ನು ಇದ್ದ ಹಾಗೆ ಬರಿ. ಭಾವನಿಗೆ ಇನ್ನೂ ಹೇಳಿಲ್ಲ.

ಅವನು ನನ್ನನ್ನು ನೋಡಿ ನಗುತ್ತಾನೆ. ಸರಿಯಿಲ್ಲದ ಮಗು ಹಾಗೆ ನಗುತ್ತದೆಯೇ?


ಮಾರ್ಚ್ ೧೮

ಅಕ್ಕಾ,

ನಿನ್ನ ಪತ್ರ ಓದಿದ ಮೇಲೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಬಾವಿಗೆ ಕಲ್ಲು ಹಾಕಿದ ಹಾಗೆ ಬಿದ್ದ ಮಗು ನಮ್ಮದೇ ಎಂದು ಕಾಣುತ್ತದೆ.

ಒಂದು ಪ್ರಶ್ನೆ ಕೇಳುತ್ತೇನೆ. ನೀನು ಅವನನ್ನು ಎಚ್ಚರವಾಗಿಟ್ಟು ಕರೆದುಕೊಂಡು ಹೋಗುತ್ತಿದ್ದೆಯಾ?

ಯಾಕೆ ಕೇಳುತ್ತಿದ್ದೇನೆಂದರೆ, ನಿದ್ದೆಗೆಟ್ಟು ದಣಿದ ಮಗುವಿನ ಅಲೆ ಹಾಗೆಯೇ ದೊಡ್ಡದಾಗಿ ಬರುತ್ತದೆ, ಕದಿರು ಅದರಡಿ ಮುಚ್ಚಿಹೋಗುತ್ತದೆ ಎಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದರು. ಹಾಗಿದ್ದರೆ ಮಗುವಿನ ಮೆದುಳಿಗೆ ಏನೂ ಆಗಿಲ್ಲ. ಸ್ಕ್ಯಾನೂ ಬೇಡ, ಮದ್ದೂ ಬೇಡ. ಒದ್ದೆ ಬಟ್ಟೆಯ ಉಪಾಯವನ್ನು ನಿನಗೆ ಬರೆದವಳು ನಾನೇ, ಆದ್ದರಿಂದ ನಾನಂತೂ ನಿನ್ನನ್ನು ಬೈಯುವಂತಿಲ್ಲ. ಹೌದು ಅಥವಾ ಇಲ್ಲ, ಒಂದೇ ಮಾತು ಬರಿ.

ಗಿರಗಿಟ್ಲೆ


ಮಾರ್ಚ್ ೨೨

ಗಿರಗಿಟ್ಲೆ,

ಇಲ್ಲ.

ಬೆಳಿಗ್ಗೆ ಚೆನ್ನಾಗಿಯೇ ಮಲಗಿರುತ್ತಾನೆ. ನೀನು ಇದನ್ನೆಲ್ಲ ಯಾರ ಹತ್ತಿರವೂ ಹೇಳಲು ಹೋಗಬೇಡ. ಸ್ಕ್ಯಾನ್ ಮಾಡಿಸುತ್ತೇವೆ. ಮುಗಿದ ಮೇಲೆ ಎಂದಿನಂತೆ ಗುರುವಾರ ಬನ್ನಿ ಎಂದಿದ್ದಾರೆ.

ಅಕ್ಕ


ಮಾರ್ಚ್ ೨೫

ಅಕ್ಕಾ,

ಹೇಳಿಬಿಟ್ಟೆ.

ನಿಜ ಬರೆಯುವಾಗ ನಿನ್ನ ಅಕ್ಷರ ಓಡುತ್ತದೆ. ಸುಳ್ಳು ಬರೆಯುವಾಗ ಕಾಪಿ ಪುಸ್ತಕದ ಹಾಗೆ ದುಂಡಗಾಗುತ್ತದೆ. ಆ "ಇಲ್ಲ" ಎಷ್ಟು ದುಂಡಗಿತ್ತೆಂದರೆ, ನೋಡಿದ ಕೂಡಲೇ ಡಾಕ್ಟರಮ್ಮನ ಕೋಣೆಗೆ ಹೋದೆ. ತಿಂಗಳ ಕೊನೆಯ ಗುರುವಾರ ದೂರವಿರಲಿಲ್ಲ, ನಿನ್ನ ಒಪ್ಪಿಗೆಗೆ ಕಾಯುವ ಹಾಗಿರಲಿಲ್ಲ.

"ಮೇಡಂ, ಆ ಬಾವಿಗೆ ಬಿದ್ದ ಮಗು ನಮ್ಮಕ್ಕಂದು. ಅವಳು ಅದನ್ನ ಮಲಗೋಕೆ ಬಿಡದೆ ಕರ್ಕೊಂಡು ಬರ್ತಿದಾಳೆ."

"ಅವರೇ ಹೇಳಿದ್ರಾ?"

"ಇಲ್ಲ. ಇಲ್ಲ ಅಂತ ಬರೆದಿದಾಳೆ. ಅದಕ್ಕೇ ಗೊತ್ತಾಯ್ತು."

ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಗುಳಕ್ಕೆ ತಯಾರಾಗಿ ನಿಂತೆ. ಅವರು ಕೇಳಿದ್ದು ಇಷ್ಟೇ: "ನಿಮ್ಮಕ್ಕ ನಿದ್ದೆ ಮಾಡ್ತಾರಾ?"

"ಗೊತ್ತಿಲ್ಲ ಮೇಡಂ" ಎಂದೆ. ಮಗುವಿನ ಮಾತಾಡುವಾಗ ಈಯಮ್ಮ ಅಮ್ಮನ ಸುದ್ದಿ ಯಾಕೆ ತೆಗೆಯುತ್ತಾರೋ! ಎರಡನೆಯ ಸಲವೂ ಅದನ್ನೇ ಕೇಳಿದರು. ಎರಡನೆಯ ಸಲವೂ ಗೊತ್ತಿಲ್ಲ ಎಂದೆ. ಆಮೇಲೆ ನನ್ನೆದುರೇ ನಿಮ್ಮೂರಿಗೆ ಫೋನ್ ಮಾಡಿದರು. ಸ್ಕ್ಯಾನ್ ರದ್ದು. ಎರಡು ಮೂರು ವಾರ ಮಗು ಬೇಕಾದಾಗ ಬೇಕಾದಷ್ಟು ಮಲಗಲಿ, ಆಮೇಲೆ ಅಧ್ಯಯನದ ಹೊರಗೆ ಸುಮ್ಮನೆ ಒಮ್ಮೆ ಅಲೆ ನೋಡೋಣ ಎಂದರು. ಆದರೆ ಅಧ್ಯಯನದಿಂದ ಹೆಸರು ತೆಗೆಯಲೇಬೇಕಂತೆ. ಅಷ್ಟು ವಾರಗಳ ಅಲೆಗಳೂ ಲೆಕ್ಕಕ್ಕಿಲ್ಲ.

ಹಾಲಿಗೆ ಹೆದರಬೇಡ. ಡಬ್ಬಿಗಳನ್ನು ಮೊದಲೇ ಒಪ್ಪಿಕೊಂಡಷ್ಟು ಕಾಲ ಕೊಟ್ಟೇ ಕೊಡುತ್ತಾರೆ. ಅದನ್ನು ಮೊದಲು ಕೇಳಿ ಖಚಿತ ಮಾಡಿಕೊಂಡೆ. ಆದ್ದರಿಂದ ನಿನಗೆ ನಷ್ಟವೇನೂ ಇಲ್ಲ.

ಕೋಪವಿದ್ದರೆ ಬರಿ.

ಗಿರಗಿಟ್ಲೆ


ಏಪ್ರಿಲ್ ೧೩

ಗಿರಗಿಟ್ಲೆ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಬರೆದರೆ ಬೈಗುಳವೇ ಬರುತ್ತಿತ್ತು. ಈಗಲೂ ಅದೇ ಬರುತ್ತದೆ, ಆದರೆ ಬರೆಯದಿದ್ದರೆ ಇನ್ನೇನಾದರೂ ಆಗುತ್ತದೆಂಬ ಭಯ ಹಿಡಿದಿದೆ.

ನಷ್ಟವೇನೂ ಇಲ್ಲ ಎಂದು ಬರೆದಿದ್ದೀಯ. ಓದಿ ನಕ್ಕೆ. ಡಬ್ಬಿಗಾಗಿ ಹೋಗುತ್ತಿದ್ದೆ ಎಂದುಕೊಂಡೆಯಾ? ಆ ಕೋಣೆಯಲ್ಲಿ ಒಂದು ಮಂಚವಿದೆ ಎಂದು ಬರೆದಿದ್ದೆ. ಮಗು ಮಲಗಿದ ಮೇಲೆ ನರ್ಸಕ್ಕ ದೀಪ ತಗ್ಗಿಸಿ, "ನೀವೂ ಒರಗಿಕೊಳ್ಳಿ, ನಾನು ನೋಡ್ಕೋತೀನಿ" ಎನ್ನುತ್ತಿದ್ದರು. ಬಾಗಿಲು ಮುಚ್ಚುತ್ತಿತ್ತು. ನಾನು ಮಲಗುತ್ತಿದ್ದೆ. ಇಡೀ ವಾರದಲ್ಲಿ ನಾನು ಮಲಗುತ್ತಿದ್ದದ್ದು ಅಷ್ಟೇ. ಮಗು ಏಳುವವರೆಗೆ.

ಈ ಮನೆಯಲ್ಲಿ ಎಲ್ಲರಿಗೂ ನಿದ್ದೆಯ ಪಾಳಿ ಇದೆ, ನನಗಿಲ್ಲ. ಹಗಲು ಭಾವನ ಪಾಳಿ. ರಾತ್ರಿ ಇವನು ಮಲಗುವುದಿಲ್ಲ. ನೀನು ಮೊದಲ ಪತ್ರದಿಂದಲೂ ಅತ್ತೆಯ ಮೇಲೆ ಹಲ್ಲು ಕಡಿಯುತ್ತಿದ್ದೀಯ. ಅವರಿಗೆ ಕೈ ನಡುಗುತ್ತದೆ ಕಣೇ. ಲೋಟವೂ ನಿಲ್ಲುವುದಿಲ್ಲ. ಒಂದು ಸಲ ಇವನನ್ನು ಎತ್ತಿಕೊಂಡು ಹೆದರಿ ಅತ್ತುಬಿಟ್ಟರು, ಅಂದಿನಿಂದ ಮುಟ್ಟಿಲ್ಲ. ಫೋನಿನ ಪಕ್ಕ ಕೂರುವುದು ನಿನ್ನ ಮಾತು ಕೇಳುವುದಕ್ಕಲ್ಲ. ಫೋನ್ ಹೊಡೆದುಕೊಂಡರೆ ಮಗ ಏಳುತ್ತಾನೆಂದು, ಮೊದಲ ಸದ್ದಿಗೇ ಎತ್ತಲು. ತಾನು ಮಾಡಬಲ್ಲದ್ದು ಅದೊಂದೇ ಎನ್ನುತ್ತಾರೆ.

ಭಾವನಿಗೆ ಹೇಳಬಾರದೇ ಎಂದು ನೀನು ಕೇಳಬಹುದು. ಬೆಳಿಗ್ಗೆ ಬಂದವರೇ "ನಿದ್ದೆ ಬಂತಾ?" ಎಂದು ಕೇಳುತ್ತಾರೆ. "ಬಂತು" ಎನ್ನುತ್ತೇನೆ. ಬರಲಿಲ್ಲ ಎಂದರೆ ಅವರು ಮಲಗುವುದಿಲ್ಲ, ಮಲಗದೆಯೇ ಹೋಗಿ ಬಾಯ್ಲರ್ ಮುಂದೆ ನಿಲ್ಲುತ್ತಾರೆ. ಅಮ್ಮ ಇದ್ದಿದ್ದರೆ ಬಂದು ಒಂದು ತಿಂಗಳು ಇರುತ್ತಿದ್ದಳು.

ಹೌದು, ಎಚ್ಚರವಾಗಿಟ್ಟೆ. ಬುಧವಾರ ರಾತ್ರಿಯಿಂದಲೇ. ಅಂಗಾಲಿಗೆ ಒದ್ದೆ ಬಟ್ಟೆ, ಮುಖಕ್ಕೆ ಗಾಳಿ, ನೀನು ಬರೆದದ್ದೆಲ್ಲವನ್ನೂ ಮಾಡಿದೆ. ಕಣ್ಣು ಎಳೆಯುತ್ತಿದ್ದರೆ ಕಂಕುಳಿನಲ್ಲಿ ಹಿಡಿದು ನಿಲ್ಲಿಸಿದೆ. ಅವನು ಅಳುತ್ತಿದ್ದ, ನಾನು ನಿಲ್ಲಿಸಲಿಲ್ಲ. ಮಗನ ನಿದ್ದೆ ಕದ್ದು ನಾನು ಮಲಗುತ್ತಿದ್ದೆ. ಸ್ಕ್ಯಾನಿಗೂ ಒಪ್ಪಿಬಿಟ್ಟಿದ್ದೆನಲ್ಲ, ಗೊತ್ತಿದ್ದೂ. ನನ್ನ ಗುರುವಾರಗಳು ಕೈತಪ್ಪಬಾರದೆಂದು. ನೀನು ಹೇಳದಿದ್ದರೆ ನನ್ನ ಕೈಯಾರೆ ಅವನನ್ನು ಆ ಮೇಜಿನ ಮೇಲೆ ಮಲಗಿಸುತ್ತಿದ್ದೆ. ಅದಕ್ಕೇ ನಿನ್ನ ಮೇಲೆ ಕೋಪ. ನೀನು ಮಾಡಿದ್ದು ಸರಿ, ಅದಕ್ಕೇ.

ನಿನ್ನೆ ಮಧ್ಯಾಹ್ನ ಇವನನ್ನೆತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಕಣ್ಣು ಬಿಟ್ಟಾಗ ನನ್ನ ಮಡಿಲು ಖಾಲಿ. ಕೆಳಮನೆಯ ಟೈಲರ್ ಎದುರಿಗೆ ನಿಂತಿದ್ದ, ಕೊರಳಲ್ಲಿ ಟೇಪು, ಕೈಯಲ್ಲಿ ಮಗು. "ಏನಿಲ್ಲ ಅಕ್ಕಾ, ಜಾರ್ತಾ ಇತ್ತು, ಹಿಡ್ಕೊಂಡೆ" ಎಂದ. ಇಷ್ಟೇ. ಅವನು ಬಟ್ಟೆ ಕೊಡಲು ಆಗ ಮೆಟ್ಟಿಲು ಹತ್ತದೇ ಇದ್ದಿದ್ದರೆ?

ಇದನ್ನು ಯಾರಿಗೂ ಹೇಳಿಲ್ಲ. ನಿನಗೆ ಹೇಳಿದರೆ ಊರಿಗೆಲ್ಲ ಹೇಳುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.


ಏಪ್ರಿಲ್ ೧೭, ನಿನ್ನ ಮನೆಯಲ್ಲೇ

ಅಕ್ಕಾ,

ಎದ್ದ ಕೂಡಲೇ ಗಾಬರಿಯಾಗಬೇಡ. ಮಗು ನನ್ನ ಹತ್ತಿರವಿದೆ. ನಾವು ಕೆಳಗೆ ಟೈಲರ್ ಅಂಗಡಿಯಲ್ಲಿ ಇದ್ದೇವೆ. ಮಿಷನ್ನಿನ ಸದ್ದಿಗೆ ಇವನು ಬಾಯಿ ಮುಚ್ಚಿ ಮಲಗಿದ್ದಾನೆ. ಎಡಗೈ ಮೇಲೆ ಇವನು, ಬಲಗೈಯಲ್ಲಿ ಪೆನ್ನು, ಅದಕ್ಕೇ ಅಕ್ಷರ ಹೀಗೆ. ಬರೆದದ್ದನ್ನು ಅತ್ತೆಯವರ ಕೈಯಲ್ಲಿ ಕಳಿಸಿ ನಿನ್ನ ದಿಂಬಿನ ಪಕ್ಕ ಇಡಿಸುತ್ತೇನೆ. ಕಾಗದ ನಡುಗಿದರೆ ಚೆಲ್ಲುವುದಿಲ್ಲವಲ್ಲ.

ನಿನ್ನ ಪತ್ರ ನಿನ್ನೆ ಸಂಜೆ ಸಿಕ್ಕಿತು. ಡಾಕ್ಟರಮ್ಮನ ಮುಂದೆ ಹೋಗಿ, "ಮೇಡಂ, ನೀವು ಕೇಳಿದ್ದಕ್ಕೆ ಉತ್ತರ ಬಂತು. ಅವಳು ನಿದ್ದೆ ಮಾಡ್ತಿಲ್ಲ. ನಾನು ಹೋಗ್ತಿದೀನಿ" ಎಂದೆ. ರಜೆ ಕೇಳಬೇಕೆಂದು ಹೊಳೆಯಲೇ ಇಲ್ಲ. "ಬ್ರಷ್ ಎಲ್ಲಿಟ್ಟಿದೀಯ, ಅದನ್ನ ಹೇಳಿ ಹೋಗು" ಎಂದರು. ಬಾಗಿಲು ದಾಟುವಾಗ ಹಿಂದಿನಿಂದ ಕೂಗಿ, ನಿನ್ನನ್ನೂ ನಿಮ್ಮೂರಿನ ಒಬ್ಬ ಡಾಕ್ಟರಿಗೆ ತೋರಿಸಬೇಕೆಂದೂ ಹೇಳಿದರು. ರಾತ್ರಿಯ ಬಸ್ಸಿನಲ್ಲಿ ಕಾಲು ಕುಣಿಸುತ್ತಲೇ ಬಂದೆ. ಪಕ್ಕದವರು ಎರಡು ಸಲ ಜಾಗ ಬದಲಾಯಿಸಿದರು.

ಬಾಗಿಲು ತೆಗೆದಾಗ ನಿನ್ನ ಗುರುತು ಸಿಗಲಿಲ್ಲ. ಅದನ್ನು ಹೇಳಬಾರದಿತ್ತೋ ಏನೋ, ಆದರೆ ನಿಜ. ನೀನು ಮಗುವನ್ನು ನನ್ನ ಕೈಗೆ ಹಾಕಿದೆ, ಗೋಡೆಗೆ ಒರಗಿದೆ, "ನಿನ್ನಂಥಾ" ಎಂದು ಬೈಯಲು ಶುರುಮಾಡಿದೆ, ಅಲ್ಲೇ ಕಣ್ಣು ಮುಚ್ಚಿತು. ಹಾಗೇ ಒಳಕೋಣೆಗೆ ನಡೆಸಿಕೊಂಡು ಹೋಗಿ ಮಲಗಿಸಿದೆ. ಮುಂದೇನು ಬರುವುದಿತ್ತೋ ಗೊತ್ತಾಗಲಿಲ್ಲ. ಎದ್ದ ಮೇಲೆ ಪೂರ್ತಿ ಮಾಡು.

ಅಷ್ಟರಲ್ಲಿ ಭಾವ ಪಾಳಿ ಮುಗಿಸಿ ಬಂದರು. ಒಳಕೋಣೆ ಒಂದೇ, ದಪ್ಪ ಪರದೆ ಒಂದೇ. ನಾನೇನು ಮಾಡಿದೆ ಗೊತ್ತೇ?

"ಭಾವಾ, ಇವತ್ತು ನೀವು ಹೊರಗೆ ಮಲಗ್ಬೇಕು."

"ಯಾಕಮ್ಮ, ಏನಾಯ್ತು?"

"ಅಧ್ಯಯನ. ಈ ವಾರ ತಾಯೀನೇ ಕತ್ತಲೆ ಕೋಣೆಯಲ್ಲಿ ಮಲಗ್ಬೇಕು, ತಾನಾಗಿ ಏಳೋವರೆಗೂ ಯಾರೂ ಎಬ್ಬಿಸ್ಬಾರ್ದು. ಡಾಕ್ಟರಮ್ಮ ಬರೆದು ಕಳ್ಸಿದಾರೆ."

"ಮೊದಲೇ ಹೇಳ್ಬಾರ್ದಾ!" ಎಂದು ದಿಂಬು ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಒಂದು ಮಾತು ಎದುರಾಡಲಿಲ್ಲ ಅಕ್ಕಾ. ಹೊರಡುವ ಮುನ್ನ ನಿನ್ನ ಚಪ್ಪಲಿ ತೆಗೆದು, ಹೊದಿಕೆ ಎಳೆದು ಹೋದರು. ಈಗ ಹಜಾರದಲ್ಲಿ ಅತ್ತೆಯ ಕುರ್ಚಿಯ ಕಾಲ ಬುಡದಲ್ಲಿ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದಾರೆ. ಅವರ ಮಗನ ಹೆಸರು ತೆಗೆದದ್ದನ್ನು ನೀನು ಅವರಿಗೆ ಹೇಳಿಲ್ಲವೆಂದು ಆಗ ಗೊತ್ತಾಯಿತು.

ಹೀಗೆ ನಾನು ಸುಳ್ಳು ಹೇಳಿದೆ. ಬಾಯಲ್ಲಿ ಏನೋ ಕಹಿ ನಿಂತ ಹಾಗಿದೆ. ನೀರು ಕುಡಿದರೂ ಹೋಗುತ್ತಿಲ್ಲ, ಇಟ್ಟುಕೊಳ್ಳುವುದು ನನ್ನ ಕೈಲಾಗದು. ಭಾವ ಎದ್ದ ಕೂಡಲೇ ಎಲ್ಲ ಹೇಳಿಬಿಡುತ್ತೇನೆ: ಗುರುವಾರ, ಒದ್ದೆ ಬಟ್ಟೆ, ಮೆಟ್ಟಿಲು, ಎಲ್ಲ. ಅವರು ಏಳುವುದು ಸಂಜೆಗೆ.

ಅಲ್ಲಿಯವರೆಗೆ ಮಲಗು.